ಬರ್ಮಿಂಗ್‌ಹ್ಯಾಮ್, ಕಾನ್ಪುರ, ಸಂಡೀಲಾ: ಒಂದೇ .32 ರಿವಾಲ್ವರಿನ ಮೂರು ತಯಾರಿಕೆಗಳು

ರಿವಾಲ್ವರಿನ ಪರವಾನಗಿ ಕೈಗೆ ಬಂದ ಮೇಲೆ ಬಂದೂಕಿನ ಅಂಗಡಿಗೆ ಹೋಗುವವರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: ಕಾನ್ಪುರದ್ದನ್ನು ಕೊಳ್ಳುವುದೋ, ಇಲ್ಲವೇ ಫಾರಿನ್ನಿನದು ಸಿಗುವವರೆಗೆ ಕಾಯುವುದೋ? ಇಲ್ಲಿ ಫಾರಿನ್ ಎಂದರೆ ಸಾಮಾನ್ಯವಾಗಿ ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ ಮಾರ್ಕ್ 4 ರಿವಾಲ್ವರು; ಕಾನ್ಪುರದ್ದು ಎಂದರೆ ಅದೇ ವಿನ್ಯಾಸವನ್ನು ಬಹುಮಟ್ಟಿಗೆ ಅನುಸರಿಸಿ ನಮ್ಮ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗುವ .32 ರಿವಾಲ್ವರು. ಕೆಲವು ವರ್ಷಗಳಿಂದ ಇವೆರಡರ ನಡುವೆ ಮೂರನೆಯದೊಂದು ಬಂದು ನಿಂತಿದೆ: ವೆಬ್ಲಿ ಎಂಬ ಹೆಸರನ್ನೇ ಹೊತ್ತು ಉತ್ತರ ಪ್ರದೇಶದ ಸಂಡೀಲಾದಲ್ಲಿ ತಯಾರಾಗುವ ರಿವಾಲ್ವರು. ಮೂರರ ಮೂಲ ವಿನ್ಯಾಸವೂ ಒಂದೇ, ಮೂರೂ ಹಾರಿಸುವ ತೋಟಾವೂ (ಕಾಡತೂಸೂ) ಒಂದೇ, ಆದರೆ ಬೆಲೆಗಳು ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲದಂತಿವೆ. ಆ ಅಂತರದಲ್ಲಿ ಎಷ್ಟು ಭಾಗ ಗುಣಮಟ್ಟದ್ದು, ಎಷ್ಟು ಭಾಗ ಬರಿಯ ಅಭಾವದ್ದು ಎಂಬುದನ್ನು ಬಿಡಿಸಿ ನೋಡುವುದು ಈ ವಿಮರ್ಶೆಯ ಉದ್ದೇಶ.

ಹೋಲಿಕೆ ನಡೆದ ಬಗೆಯನ್ನು ಮೊದಲು ಹೇಳುತ್ತೇನೆ. ಮೂರನ್ನೂ ಖಾಲಿ ಇರುವಾಗ, ಆಯಾ ಪರವಾನಗಿದಾರರ ಎದುರಿನಲ್ಲೇ ಕೈಗೆ ತೆಗೆದುಕೊಂಡು, ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದ್ದೇನೆ. ಅನುಮತಿ ಪಡೆದ ಗುರಿ ಅಭ್ಯಾಸದ ಮೈದಾನದಲ್ಲಿ ಅವರವರ ರಿವಾಲ್ವರನ್ನು ಅವರವರೇ ಹಾರಿಸಿದ್ದಾರೆ. ನಾನು ಗುರಿಹಲಗೆಗಳನ್ನೂ ಹಾರಿಸಿದ ತೋಟಾಗಳ ಖಾಲಿ ಕೋಶಗಳನ್ನೂ ಪರೀಕ್ಷಿಸಿದ್ದೇನೆ. ಒಬ್ಬರ ಪರವಾನಗಿಯ ಆಯುಧವನ್ನು ಇನ್ನೊಬ್ಬರು ಸುಮ್ಮನೆ ಕೈ ಬದಲಾಯಿಸಿ ಹಾರಿಸುವ ವಸ್ತುವೆಂದು ತಿಳಿಯುವುದು ಸರಿಯಲ್ಲ ಎಂಬ ಕಾರಣಕ್ಕೆ ಹೀಗೆ ಮಾಡಿದ್ದು.

ಎಲ್ಲ ಬಿಟ್ಟು .32 ಬೋರೇ (ಬೋರ್ ಎಂದರೆ ನಳಿಕೆಯ ಒಳ ಅಳತೆ, ಇಲ್ಲಿ ಅಂಗುಲದಲ್ಲಿ) ಏಕೆ ಎಂಬುದಕ್ಕೆ ಉತ್ತರ ಕಾನೂನಿನಲ್ಲಿದೆ. ವೆಬ್ಲಿಯ ಹೆಸರು ಲೋಕಕ್ಕೆಲ್ಲ ಪರಿಚಯವಾದದ್ದು .455 ಬೋರಿನ ಸೈನ್ಯದ ರಿವಾಲ್ವರುಗಳಿಂದ. ಬ್ರಿಟಿಷ್ ಸೇನೆ ಅವುಗಳಲ್ಲಿ ಮೊದಲನೆಯದನ್ನು 1887ರಲ್ಲಿ ಸ್ವೀಕರಿಸಿತು. ಮೊದಲನೆಯ ಮಹಾಯುದ್ಧದ ಮಾರ್ಕ್ 6 ಬಂದದ್ದು 1915ರಲ್ಲಿ. ಯುದ್ಧ ಮುಗಿದ ಮೇಲೆ ಅಷ್ಟು ದೊಡ್ಡ ತೋಟಾ ಬೇಡವೆನಿಸಿ .38 ಬೋರಿನ, ಕೈಗೆ ಹಗುರವಾದ ಮಾರ್ಕ್ 4 ರೂಪುಗೊಂಡಿತು. ಆದರೆ ನಮ್ಮ ಆಯುಧ ನಿಯಮಗಳು ಸೈನ್ಯದ .380 (ಇದೇ .38ರ ಸೈನ್ಯದ ಹೆಸರು) ಮತ್ತು .455 ತೋಟಾಗಳನ್ನು ಹಾರಿಸಬಲ್ಲ ಕೈಬಂದೂಕುಗಳನ್ನೂ 9 ಮಿ.ಮೀ. ಪಿಸ್ತೂಲುಗಳನ್ನೂ ನಿಷೇಧಿತ ಬೋರಿನ ವರ್ಗದಲ್ಲಿ ಇರಿಸಿವೆ. ಜಿಲ್ಲಾಧಿಕಾರಿಗಳೋ ಪೊಲೀಸ್ ಕಮಿಷನರೋ ಕೊಡುವ ಸಾಮಾನ್ಯ ಪರವಾನಗಿಯ ಮೇಲೆ ಅವು ಸಿಗುವುದಿಲ್ಲ. ವೆಬ್ಲಿ ಕಂಪನಿ ಅದೇ ಮಾರ್ಕ್ 4 ಅನ್ನು .32 ಸ್ಮಿತ್ ಅಂಡ್ ವೆಸನ್ ಲಾಂಗ್ ಎಂಬ ತೋಟಾಕ್ಕೂ ತಯಾರಿಸುತ್ತಿತ್ತು. ನಿಷೇಧದ ಪಟ್ಟಿಯ ಹೊರಗೆ ಉಳಿದದ್ದು ಆ ತಯಾರಿಕೆ. ಹೀಗಾಗಿ 1896ರಲ್ಲಿ ಅಮೆರಿಕದಲ್ಲಿ ಹುಟ್ಟಿದ, ಉಳಿದ ಲೋಕ ಈಗ ಮುಖ್ಯವಾಗಿ ಗುರಿ ಸ್ಪರ್ಧೆಗಳಿಗಷ್ಟೇ ಬಳಸುವ ಒಂದು ಮೆದು ತೋಟಾ ಭಾರತದಲ್ಲಿ ಆತ್ಮರಕ್ಷಣೆಯ ಮುಖ್ಯ ತೋಟಾ ಆಗಿಬಿಟ್ಟಿದೆ.

ಬರ್ಮಿಂಗ್‌ಹ್ಯಾಮಿನ ಮಾರ್ಕ್ 4ಕ್ಕೆ ಅದರದೇ ನಾಡಿನಲ್ಲಿ ದೊರೆತ ಉಪಚಾರವೂ ಅಷ್ಟೇನೂ ಗೌರವದ್ದಲ್ಲ. .38 ರಿವಾಲ್ವರಿನ ವಿನ್ಯಾಸದಲ್ಲಿ ಕಂಪನಿಯ ನೆರವು ಪಡೆದ ಬ್ರಿಟಿಷ್ ಸರ್ಕಾರ ಕೊನೆಗೆ ಅದನ್ನೇ ಹೋಲುವ ರಿವಾಲ್ವರನ್ನು ತನ್ನ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ತಯಾರಿಸಿ 1932ರಲ್ಲಿ ಸೇನೆಗೆ ಕೊಟ್ಟಿತು. ವೆಬ್ಲಿ 2,250 ಪೌಂಡ್ ಪರಿಹಾರ ಕೇಳಿತು. ಬಹಳ ವಾದವಿವಾದಗಳ ನಂತರ ಅದಕ್ಕೆ ಸಿಕ್ಕಿದ್ದು 1,250 ಪೌಂಡ್. ಎರಡನೆಯ ಮಹಾಯುದ್ಧ ಬಂದು ಎನ್‌ಫೀಲ್ಡಿನ ಉತ್ಪಾದನೆ ಸಾಲದಾದಾಗ ಅದೇ ಸರ್ಕಾರ ವೆಬ್ಲಿಯ ಮಾರ್ಕ್ 4ನ್ನೂ ದೊಡ್ಡ ಸಂಖ್ಯೆಯಲ್ಲಿ ಕೊಂಡಿತು. ಈ ಪ್ರಸಂಗವನ್ನು ಇಲ್ಲಿ ಹೇಳಲು ಕಾರಣವಿದೆ. ಒಂದು ರಿವಾಲ್ವರನ್ನು ಅದರ ಮೂಲ ಕಾರ್ಖಾನೆಯ ಹೊರಗೆ ತಯಾರಿಸುವುದು ಕಾನ್ಪುರದಲ್ಲಿ ಶುರುವಾದ ಪದ್ಧತಿಯಲ್ಲ. ಆ ವಿನ್ಯಾಸ ಹುಟ್ಟಿದ ದೇಶದಲ್ಲೇ ಅದು ಎರಡು ಕಾರ್ಖಾನೆಗಳಿಂದ ಹೊರಬಂದಿತ್ತು, ಮತ್ತು ಎರಡರ ಕೆಲಸದಲ್ಲೂ ಒಳ್ಳೆಯದು ಕೆಟ್ಟದು ಎರಡೂ ಇದ್ದವು. 1979ರಲ್ಲಿ ವೆಬ್ಲಿ ಬಂದೂಕುಗಳ ತಯಾರಿಕೆಯನ್ನೇ ನಿಲ್ಲಿಸಿತು. ಅಂದರೆ ಇಂದು ನಮ್ಮಲ್ಲಿ ಕೈ ಬದಲಾಗುತ್ತಿರುವ ಬರ್ಮಿಂಗ್‌ಹ್ಯಾಮಿನ ರಿವಾಲ್ವರುಗಳಲ್ಲಿ ಅತ್ಯಂತ ಹೊಸದಕ್ಕೂ ನಾಲ್ಕು ದಶಕ ದಾಟಿದ ವಯಸ್ಸು.

ಕಾನ್ಪುರದ ರಿವಾಲ್ವರು ಅಲ್ಲಿನ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯ ತಯಾರಿಕೆ. 2021ರ ಅಕ್ಟೋಬರ್ 1ರಂದು, ಸರ್ಕಾರಿ ಆಯುಧ ಕಾರ್ಖಾನೆಗಳನ್ನು ನಡೆಸುತ್ತಿದ್ದ ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡನ್ನು ವಿಸರ್ಜಿಸಿ ಅದರ 41 ಕಾರ್ಖಾನೆಗಳನ್ನು ಏಳು ಕಂಪನಿಗಳಿಗೆ ಹಂಚಿದಾಗ ಇದು ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್ ಎಂಬ ಕಂಪನಿಗೆ ಸೇರಿತು. ಆರು ತೋಟಾ, ಸುಮಾರು 76 ಮಿ.ಮೀ. ಅಂದರೆ ಮೂರಂಗುಲದ ನಳಿಕೆ, ಸುಮಾರು 178 ಮಿ.ಮೀ. ಒಟ್ಟು ಉದ್ದ, ಸುಮಾರು 700 ಗ್ರಾಂ ತೂಕ. ಸಂಡೀಲಾದ ವೆಬ್ಲಿಯದು ಬೇರೆ ಕಥೆ. ಆಯುಧ ತಯಾರಿಕೆಗೆ ಖಾಸಗಿಯವರಿಗೆ ಬಾಗಿಲು ತೆರೆದ ಮೇಲೆ ವೆಬ್ಲಿ ಅಂಡ್ ಸ್ಕಾಟ್ ಲಖನೌದ ಸಿಯಾಲ್ ಮ್ಯಾನುಫ್ಯಾಕ್ಚರರ್ಸ್ ಜೊತೆ ಸೇರಿ ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿ ಕಾರ್ಖಾನೆ ತೆರೆಯುವುದಾಗಿ 2020ರಲ್ಲಿ ಪ್ರಕಟಿಸಿತು. ಅಲ್ಲಿಂದ ಮೊದಲು ಹೊರಬರಲು ಆಯ್ಕೆಯಾದದ್ದೂ .32 ರಿವಾಲ್ವರೇ. ಇಂಗ್ಲೆಂಡಿನಲ್ಲಿ ನಿಂತುಹೋದ ಒಂದು ರಿವಾಲ್ವರು ತನ್ನ ಸ್ವಂತ ಹೆಸರಿನೊಂದಿಗೆ ಭಾರತದಲ್ಲಿ ಮತ್ತೆ ತಯಾರಾಗುತ್ತಿದೆ ಎಂಬುದು ನನ್ನ ಮಟ್ಟಿಗೆ ಸಂತೋಷದ ಸುದ್ದಿ.

ಈಗ ವಿನ್ಯಾಸಕ್ಕೆ ಬರೋಣ, ಏಕೆಂದರೆ ಮೂರನ್ನೂ ಅಳೆಯಬೇಕಾದ ಅಳತೆಗೋಲು ಅದರಲ್ಲೇ ಇದೆ. ಇಂದಿನ ಹೆಚ್ಚಿನ ರಿವಾಲ್ವರುಗಳಲ್ಲಿ ಸಿಲಿಂಡರು, ಅಂದರೆ ತೋಟಾಗಳನ್ನು ತುಂಬುವ ತಿರುಗುವ ಉರುಳೆ, ಪಕ್ಕಕ್ಕೆ ಹೊರಳುತ್ತದೆ. ವೆಬ್ಲಿಯಲ್ಲಿ ಹಾಗಲ್ಲ, ಹೆಬ್ಬೆರಳಿನಿಂದ ಕೊಂಡಿಯನ್ನು ಒತ್ತಿದರೆ ನಳಿಕೆಯೂ ಸಿಲಿಂಡರೂ ಒಟ್ಟಾಗಿ ಮುಂದಿನ ಕೀಲಿನ ಮೇಲೆ ಕೆಳಗೆ ಬಾಗುತ್ತವೆ, ಮಧ್ಯದ ನಕ್ಷತ್ರಾಕಾರದ ಬಿಲ್ಲೆ ಮೇಲೆದ್ದು ಆರೂ ಖಾಲಿ ಕೋಶಗಳನ್ನು ಒಮ್ಮೆಗೇ ಹೊರಚೆಲ್ಲುತ್ತದೆ. ತುಂಬುವುದಕ್ಕೂ ಖಾಲಿ ಮಾಡುವುದಕ್ಕೂ ಇಷ್ಟು ಸರಾಗವಾದ ಏರ್ಪಾಡು ಇನ್ನೊಂದಿಲ್ಲ. ಮನೆಯಲ್ಲಿ ಮಕ್ಕಳಿರುವವರಿಗೆ, ಆಯುಧ ಖಾಲಿ ಇದೆಯೇ ಎಂದು ಒಂದೇ ನೋಟದಲ್ಲಿ ಖಚಿತಪಡಿಸಿಕೊಳ್ಳಬೇಕಾದವರಿಗೆ, ಇದು ದೊಡ್ಡ ಅನುಕೂಲ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಚೌಕಟ್ಟು ಒಂದೇ ತುಂಡಲ್ಲ. ಹಿಂದಿನ ಕೊಂಡಿ ಮತ್ತು ಮುಂದಿನ ಕೀಲು ಇವೆರಡೇ ಇಡೀ ರಿವಾಲ್ವರನ್ನು ಹಿಡಿದಿಡುತ್ತವೆ. ಅವೆರಡೂ ಕೂದಲೆಳೆಯ ಸಂದಿಲ್ಲದೆ ಕೂತಿದ್ದರೆ ರಿವಾಲ್ವರು ತಲೆಮಾರುಗಳ ಕಾಲ ಬಾಳುತ್ತದೆ. ಸಡಿಲವಿದ್ದರೆ ಪ್ರತಿ ಹಾರಿಕೆಯೂ ಆ ಸಡಿಲನ್ನು ಹೆಚ್ಚಿಸುತ್ತ ಹೋಗುತ್ತದೆ.

ನಾನು ನೋಡಿದ ಬರ್ಮಿಂಗ್‌ಹ್ಯಾಮಿನ ಮಾರ್ಕ್ 4ರಲ್ಲಿ ಮನಸ್ಸನ್ನು ಸೆಳೆದದ್ದು ಈ ಕೂರಿಕೆಯೇ. ಕೊಂಡಿ ಮುಚ್ಚುವಾಗ ಒಂದೇ ಗಟ್ಟಿ ಸದ್ದು, ಆಮೇಲೆ ನಳಿಕೆಯನ್ನು ಹಿಡಿದು ಅಲುಗಿಸಲು ನೋಡಿದರೆ ಏನೂ ಚಲಿಸುವುದಿಲ್ಲ. ಕುದುರೆಯನ್ನು (ಟ್ರಿಗರನ್ನು) ಎಳೆಯುವಾಗ ಸಿಲಿಂಡರು ತಿರುಗಿ ತನ್ನ ಜಾಗದಲ್ಲಿ ನಿಲ್ಲುವುದು, ತೋಟಾಕ್ಕೆ ಪೆಟ್ಟು ಕೊಡುವ ಹ್ಯಾಮರು ಬೀಳುವುದು, ಇವೆರಡರ ನಡುವೆ ಬೆರಳಿಗೆ ತಿಳಿಯುವಷ್ಟು ಸ್ಪಷ್ಟವಾದ ಕ್ರಮವಿದೆ. ವೆಬ್ಲಿಯ ಒಳಗಿರುವುದು ವಿ ಆಕಾರದ ಚಪ್ಪಟೆ ಸ್ಪ್ರಿಂಗು. ಅದರ ಒಂದು ತೋಳು ಹ್ಯಾಮರನ್ನು ನೂಕುತ್ತದೆ, ಇನ್ನೊಂದು ಕುದುರೆಯನ್ನು ಹಿಂದಕ್ಕೆ ತರುತ್ತದೆ. ಒಂದೇ ಸ್ಪ್ರಿಂಗು ಎರಡು ಕೆಲಸ ಮಾಡುವುದರಿಂದ ಅದರ ಬಿಗಿ ಸರಿಯಾಗಿದ್ದು ಅದು ಉಜ್ಜುವ ಮೈಗಳು ನುಣುಪಾಗಿದ್ದರೆ ಎಳೆತ ಮೊದಲಿನಿಂದ ಕೊನೆಯವರೆಗೆ ಸಮವಾಗಿ ಬರುತ್ತದೆ. ಬರ್ಮಿಂಗ್‌ಹ್ಯಾಮಿನ ಕೆಲಸಗಾರರು ಆ ಮೈಗಳನ್ನು ಕೈಯಿಂದ ಅರ ಹಾಕಿ, ಒಂದೊಂದು ರಿವಾಲ್ವರಿಗೂ ಪ್ರತ್ಯೇಕವಾಗಿ ಹೊಂದಿಸುತ್ತಿದ್ದರು. ಫಾರಿನ್ನಿನದಕ್ಕೆ ಹೆಚ್ಚು ಹಣ ಕೊಡುವವರು ನಿಜವಾಗಿ ಪಡೆಯುವ ಗುಣವೊಂದಿದ್ದರೆ ಅದು ಇದು.

ಕಾನ್ಪುರದ ರಿವಾಲ್ವರಿನ ಕುದುರೆ ಎಳೆತ ಭಾರ ಎಂಬುದು ಅದನ್ನು ಬಳಸುವವರ ವಲಯದಲ್ಲಿ ಹಳೆಯ ಮಾತು, ಮತ್ತು ಅದು ಆಧಾರವಿಲ್ಲದ ಮಾತಲ್ಲ. ಹ್ಯಾಮರನ್ನು ಮೊದಲೇ ಹಿಂದಕ್ಕೆಳೆದು ನಿಲ್ಲಿಸಿ ಹಾರಿಸಿದರೆ ಇದು ಅಷ್ಟಾಗಿ ಕಾಡದು. ಕುದುರೆಯಿಂದಲೇ ಪೂರ್ತಿ ಕೆಲಸ ಮಾಡಿಸುವಾಗ, ಅಂದರೆ ಡಬಲ್ ಆ್ಯಕ್ಷನ್‌ನಲ್ಲಿ, ಬೆರಳಿನ ಬಲ ಕಡಿಮೆ ಇರುವವರಿಗೆ ಗುರಿ ಅಲುಗುತ್ತದೆ. ಆದರೆ ಭಾರದ ಎಳೆತವನ್ನು ಕೇವಲ ಅಸಡ್ಡೆಯ ಫಲವೆಂದು ತೀರ್ಮಾನಿಸುವುದು ಅನ್ಯಾಯವಾದೀತು. ಬಿಗಿಯಾದ ಸ್ಪ್ರಿಂಗು ಎಂದರೆ ಹ್ಯಾಮರಿನ ಪೆಟ್ಟು ಬಲವಾಗಿರುತ್ತದೆ. ತೋಟಾದ ಬುಡದಲ್ಲಿ ಕಿಡಿ ಹುಟ್ಟಿಸುವ ಕ್ಯಾಪು ಗಟ್ಟಿಯಿರಲಿ, ತೋಟಾ ಹಳೆಯದಿರಲಿ, ಅದು ಹಾರುವ ಸಂಭವ ಹೆಚ್ಚು. ಸ್ಪರ್ಧೆಗೆ ಬೇಕಾದ ನಯಕ್ಕಿಂತ ಹಾರಿಯೇ ತೀರುವ ಭರವಸೆಗೆ ಒತ್ತು ಕೊಟ್ಟ ತಯಾರಿಕೆ ಎಂದು ಇದನ್ನು ನೋಡಬಹುದು. ಮೆರುಗಿನ ವಿಷಯದಲ್ಲಿ ಮಾತ್ರ ಇಂಥ ಸಮರ್ಥನೆ ಇಲ್ಲ. ಬರ್ಮಿಂಗ್‌ಹ್ಯಾಮಿನ ಶಾಂತಿಕಾಲದ ರಿವಾಲ್ವರಿನ ಆಳವಾದ ನೀಲಿಗಪ್ಪು ಮೆರುಗನ್ನೂ ಅಂಚುಗಳ ಅಚ್ಚುಕಟ್ಟನ್ನೂ ನೋಡಿದವರಿಗೆ ಕಾನ್ಪುರದ್ದು ಸಾಧಾರಣವಾಗಿಯೇ ಕಾಣುತ್ತದೆ. ಹೆಚ್ಚು ಗಮನಿಸಬೇಕಾದದ್ದು ತುಂಡಿನಿಂದ ತುಂಡಿಗೆ ಇರುವ ವ್ಯತ್ಯಾಸ: ಒಂದು ಬಿಗಿಯಾಗಿ ಕೂತಿರುತ್ತದೆ, ಪಕ್ಕದ್ದು ಅಷ್ಟು ಬಿಗಿಯಿರುವುದಿಲ್ಲ. ಆದ್ದರಿಂದ ಪೆಟ್ಟಿಗೆ ಬಿಚ್ಚದೆ ಕೊಳ್ಳುವ ವಸ್ತು ಇದಲ್ಲ.

ಶಾಂತಿಕಾಲದ ರಿವಾಲ್ವರು ಎಂದು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ಯುದ್ಧಕಾಲದಲ್ಲಿ ಅವಸರದಿಂದ ತಯಾರಾದ .38 ಮಾರ್ಕ್ 4ಗಳು ಎಷ್ಟು ಒರಟಾಗಿದ್ದವೆಂದರೆ, ಹೆಸರು ಕೆಡಬಾರದೆಂದು ವೆಬ್ಲಿ ಕಂಪನಿಯೇ ಅವುಗಳ ಮೇಲೆ ‘ವಾರ್ ಫಿನಿಶ್’ ಎಂದು ಮುದ್ರೆ ಒತ್ತಿ ಕಳಿಸಿತು. ಇಂಗ್ಲಿಷ್ ಮುದ್ರೆ ಇದ್ದ ಮಾತ್ರಕ್ಕೆ ಕೆಲಸ ನಯವಾಗಿರುತ್ತದೆ ಎಂಬ ನಂಬಿಕೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ. ಬರ್ಮಿಂಗ್‌ಹ್ಯಾಮಿನ ರಿವಾಲ್ವರಿನ ಮೇಲೆ ನಂಬಬೇಕಾದದ್ದು ಕಂಪನಿಯ ಹೆಸರಿಗಿಂತ ಅಲ್ಲಿನ ಪ್ರೂಫ್ ಹೌಸಿನ ಗುರುತನ್ನು. 1813ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯಿಂದ ಸ್ಥಾಪನೆಯಾದ ಆ ಸಂಸ್ಥೆ ಪ್ರತಿ ಬಂದೂಕನ್ನೂ ಮಾಮೂಲಿಗಿಂತ ಹೆಚ್ಚಿನ ಒತ್ತಡದ ತೋಟಾ ಹಾಕಿ ಪರೀಕ್ಷಿಸಿದ ಮೇಲೆಯೇ ಮುದ್ರೆ ಒತ್ತುತ್ತದೆ. 1954ರ ನಂತರದವುಗಳ ಮೇಲೆ ಕಿರೀಟದ ಅಡಿಯಲ್ಲಿ ಬಿಎನ್‌ಪಿ ಎಂಬ ಅಕ್ಷರಗಳಿರುತ್ತವೆ. ಆ ಮುದ್ರೆ ಸವೆದಿದ್ದರೆ, ಅಥವಾ ಮರುಮೆರುಗು ಹಾಕುವವನು ಅದನ್ನು ಉಜ್ಜಿ ಅಳಿಸಿದ್ದರೆ, ಬೆಲೆಯ ಮಾತನ್ನು ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಸಂಡೀಲಾದ ವೆಬ್ಲಿ ಹಿಡಿತಕ್ಕೂ ನೋಟಕ್ಕೂ ಹಳೆಯ ಮಾರ್ಕ್ 4ರ ಗೆರೆಗಳನ್ನೇ ಉಳಿಸಿಕೊಂಡಿದೆ. ಅಂಚುಗಳು ಅಚ್ಚುಕಟ್ಟು, ಕೊಂಡಿಯ ಕೆಲಸ ಚೊಕ್ಕ. ಹೊಸ ಯಂತ್ರದಲ್ಲಿ ಕಡೆದ ಭಾಗಗಳಿಗೆ ಹಳೆಯ ಕೈಕೆಲಸದ ನುಣುಪು ಮೊದಲ ದಿನವೇ ಬರುವುದಿಲ್ಲ. ಬಳಸುತ್ತ ಹೋದಂತೆ ಉಜ್ಜುವ ಮೈಗಳು ಹದಕ್ಕೆ ಬರುತ್ತವೆ. ಇದು ನಲವತ್ತು ವರ್ಷ ಬಾಳುತ್ತದೆಯೇ ಎಂಬ ಪ್ರಶ್ನೆಗೆ ಉತ್ತರವನ್ನು ಕಾಲವೇ ಕೊಡಬೇಕು. ಆದರೆ ವಿನ್ಯಾಸ ಬರ್ಮಿಂಗ್‌ಹ್ಯಾಮಿನದು, ಉಕ್ಕು ಹೊಸದು, ಹಿಂದಿನ ಮಾಲೀಕರ ಅಪಚಾರವಿಲ್ಲ. ಇದನ್ನು ಅಸಲಿ ಅಲ್ಲ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ.

ಗುರಿಹಲಗೆ ಏನು ಹೇಳಿತು ಎಂದು ಕೇಳುವವರಿಗೆ ನನ್ನ ಉತ್ತರ ನಿರಾಶೆ ತರಬಹುದು. ಹತ್ತು ಮೀಟರಿನ ದೂರದಲ್ಲಿ, ಹ್ಯಾಮರನ್ನು ಹಿಂದಕ್ಕೆಳೆದು ನಿಧಾನವಾಗಿ ಹಾರಿಸಿದಾಗ, ಮೂರರ ನಡುವೆ ಕಂಡ ವ್ಯತ್ಯಾಸ ಹಾರಿಸಿದವರ ಕೈಯ ವ್ಯತ್ಯಾಸಕ್ಕಿಂತ ಹೆಚ್ಚಿರಲಿಲ್ಲ. ಡಬಲ್ ಆ್ಯಕ್ಷನ್‌ಗೆ ಬಂದಾಗ ಮಾತ್ರ ಬರ್ಮಿಂಗ್‌ಹ್ಯಾಮಿನ ಎಳೆತದ ಲಾಭ ಹಲಗೆಯ ಮೇಲೆ ಸ್ಪಷ್ಟವಾಗಿ ಕಂಡಿತು. ಗುಂಡುಗಳು ಹತ್ತಿರ ಹತ್ತಿರ ಬಿದ್ದವು. ಹಿಂದೊದೆತ ಮೂರರಲ್ಲೂ ಮೃದುವೇ. ಸುಮಾರು 98 ಗ್ರೇನಿನ (ಸುಮಾರು 6.35 ಗ್ರಾಂ) ಸೀಸದ ಗುಂಡು, ಬಹಳ ಕಡಿಮೆ ವೇಗ, ಇದರಿಂದ ಯಾರ ಮಣಿಕಟ್ಟೂ ನೋಯುವುದಿಲ್ಲ. ಅದೇ ಕಾರಣಕ್ಕೆ ಮಲೆನಾಡಿನ ತೋಟಗಳಲ್ಲಿ ಕೆಲವರು ಇಟ್ಟುಕೊಂಡಿರುವ ಒಂದು ಭ್ರಮೆಯನ್ನು ಇಲ್ಲೇ ಹೇಳಿಬಿಡಬೇಕು: ಕಾಡುಹಂದಿಗೋ ಆನೆಗೋ ಎದುರಾದಾಗ ಸೊಂಟದಲ್ಲೊಂದು ರಿವಾಲ್ವರು ಇದ್ದರೆ ಧೈರ್ಯ ಎಂಬುದು ಅಪಾಯದ ಯೋಚನೆ. ಈ ತೋಟಾ ಆ ಕೆಲಸದ್ದಲ್ಲ. ಗಾಯಗೊಂಡ ಪ್ರಾಣಿ ಮೊದಲಿಗಿಂತ ಹೆಚ್ಚು ಅಪಾಯಕಾರಿ, ಅದರ ಮೇಲೆ ವನ್ಯಜೀವಿ ಕಾಯ್ದೆಯೂ ಇದೆ.

ತೋಟಾದ ಮಾತು ಬಂದಾಗ ಹೋಲಿಕೆಯ ಅತಿ ಮುಖ್ಯ ಅಂಶಕ್ಕೆ ಬಂದಂತಾಯಿತು. ಬರ್ಮಿಂಗ್‌ಹ್ಯಾಮಿನದಿರಲಿ, ಕಾನ್ಪುರದ್ದಿರಲಿ, ಸಂಡೀಲಾದ್ದಿರಲಿ, ನಾವು ಅದರಲ್ಲಿ ಹಾಕುವುದು ಸಾಮಾನ್ಯವಾಗಿ ಕೆಎಫ್ ತೋಟಾ, ಅಂದರೆ ಪುಣೆಯ ಖಡ್ಕಿಯ ಸರ್ಕಾರಿ ಕಾರ್ಖಾನೆಯ ತೋಟಾ. ಅಂಗಡಿಯವರು ಇದನ್ನು 7.65 × 23 ಎಂದು ಬರೆಯುತ್ತಾರೆ. ಪಿಸ್ತೂಲಿನ .32 ತೋಟಾ 7.65 × 17. ಅದೂ ಇದೂ ಬೇರೆ, ಒಂದರ ಬದಲು ಇನ್ನೊಂದನ್ನು ಬಳಸಲೇಬಾರದು. ಪರವಾನಗಿಯ ಮೇಲೆ ವರ್ಷಕ್ಕೆ ಇಷ್ಟೇ ಎಂದು ಬರೆದ ಮಿತಿಯೊಳಗೆ, ಅಂಗಡಿಯಲ್ಲಿ ದಾಸ್ತಾನು ಇರುವಾಗ ಕೊಂಡು, ಅದರಲ್ಲೇ ಅಭ್ಯಾಸಕ್ಕೂ ಉಳಿಸಿಕೊಳ್ಳುವುದಕ್ಕೂ ಹೊಂದಿಸಬೇಕು. ಹೀಗಿರುವಾಗ ಬಂದೂಕಿನ ಸೂಕ್ಷ್ಮ ನಿಖರತೆಗೆ ಕೊಟ್ಟ ಹಣದ ಬಹುಭಾಗ ಒಂದೇ ಕಾರ್ಖಾನೆಯ, ಒಂದೇ ಗುಣದ ತೋಟಾದ ಮುಂದೆ ಸಮನಾಗಿಬಿಡುತ್ತದೆ. ವರ್ಷದಲ್ಲಿ ಬೆರಳೆಣಿಕೆಯಷ್ಟು ತೋಟಾ ಹಾರಿಸುವವರು ದುಬಾರಿ ರಿವಾಲ್ವರನ್ನು ಕೊಂಡು ಅಭ್ಯಾಸ ಮಾಡದೆ ಇರುವುದಕ್ಕಿಂತ, ಸಾಧಾರಣ ಬೆಲೆಯದನ್ನು ಕೊಂಡು ಮಿತಿಯ ಕೊನೆಯ ತೋಟಾದವರೆಗೂ ಮೈದಾನದಲ್ಲಿ ಅಭ್ಯಾಸ ಮಾಡುವುದು ಎಷ್ಟೋ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ.

ನಮ್ಮ ಕಡೆಯ ಮಳೆಗಾಲ ಎಲ್ಲ ರಿವಾಲ್ವರುಗಳನ್ನೂ ಒಂದೇ ರೀತಿ ಪರೀಕ್ಷಿಸುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಲೆನಾಡಿನ ಮನೆಯೊಳಗಿನ ಗಾಳಿಯಲ್ಲಿ ನೀರೇ ಇರುತ್ತದೆ. ನೀಲಿಗಪ್ಪು ಮೆರುಗು ಎಂಬುದು ಕಬ್ಬಿಣದ ಮೇಲಿನ ತೆಳುವಾದ ಪೊರೆ ಮಾತ್ರ. ಎಣ್ಣೆ ಇಲ್ಲದಿದ್ದರೆ ಬರ್ಮಿಂಗ್‌ಹ್ಯಾಮಿನ ಪೊರೆಯೂ ತುಕ್ಕನ್ನು ತಡೆಯದು. ಹಳೆಯ ವೆಬ್ಲಿಗಳಲ್ಲಿ ತುಕ್ಕು ಮೊದಲು ಹಿಡಿಯುವುದು ಕಣ್ಣಿಗೆ ಕಾಣದ ಕಡೆ: ಹಿಡಿಯ ಕಪ್ಪು ಪಟ್ಟಿಗಳ ಅಡಿಯಲ್ಲಿ, ಕೀಲಿನ ಸುತ್ತ, ನಕ್ಷತ್ರದ ಬಿಲ್ಲೆಯ ಹಿಂದೆ. ಚರ್ಮದ ಹೋಲ್‌ಸ್ಟರಿನಲ್ಲಿಟ್ಟು ಬೀರುವಿನಲ್ಲಿ ಮರೆತ ರಿವಾಲ್ವರಿನ ಮೈ ಒಂದೇ ಮಳೆಗಾಲದಲ್ಲಿ ಕೆಡಬಹುದು, ಏಕೆಂದರೆ ಚರ್ಮ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಚುನಾವಣೆ ಬಂದಾಗ ನೀತಿಸಂಹಿತೆಯ ಹೆಸರಿನಲ್ಲಿ ಆಯುಧಗಳನ್ನು ಪೊಲೀಸ್ ಠಾಣೆಯಲ್ಲೋ ಪರವಾನಗಿ ಪಡೆದ ಅಂಗಡಿಯಲ್ಲೋ ಠೇವಣಿ ಇಡಬೇಕಾಗಿ ಬರುವುದು ನಮಗೆಲ್ಲ ಗೊತ್ತಿರುವ ವಿಷಯ. ಹಾಗೆ ಕೊಡುವ ಮುಂಚೆ ನಳಿಕೆಯ ಒಳಗೂ ಹೊರಗೂ ದಪ್ಪಗೆ ಎಣ್ಣೆ ಸವರಿ, ಎಣ್ಣೆ ಕಾಗದದಲ್ಲಿ ಸುತ್ತಿ, ಅಂಗಡಿಯ ಶುಲ್ಕ ತೆತ್ತಾದರೂ ಒಣ ಜಾಗದಲ್ಲಿ ಇಡಿಸುವುದು ಉತ್ತಮ. ಲಕ್ಷಗಟ್ಟಲೆ ಕೊಟ್ಟು ಕೊಂಡ ಫಾರಿನ್ ರಿವಾಲ್ವರನ್ನು ಹೀಗೆ ತಿಂಗಳುಗಟ್ಟಲೆ ಬೇರೆಯವರ ವಶದಲ್ಲಿಡುವಾಗಿನ ಆತಂಕವನ್ನೂ ಬೆಲೆಯ ಲೆಕ್ಕಕ್ಕೆ ಸೇರಿಸಬೇಕು.

ತುಕ್ಕಿನ ಈ ಕಾಟದ ಕಾರಣಕ್ಕೆ 2014ರಲ್ಲಿ ಕಾನ್ಪುರದಿಂದ ಬಂದ ‘ನಿರ್ಭೀಕ್’ ನನಗೆ ಒಳ್ಳೆಯ ಯೋಚನೆಯಾಗಿ ಕಂಡಿತ್ತು. 2012ರ ದೆಹಲಿಯ ಘೋರ ಘಟನೆಯ ಹಿನ್ನೆಲೆಯಲ್ಲಿ, ಮಹಿಳೆಯರಿಗೆಂದು, ಟೈಟೇನಿಯಂ ಮಿಶ್ರಲೋಹ ಬಳಸಿ, ತೂಕವನ್ನು ಸುಮಾರು 500 ಗ್ರಾಮಿಗೆ ಇಳಿಸಿ ತಂದ .32 ರಿವಾಲ್ವರು ಅದು. ಆಗಿನ ಬೆಲೆ 1,22,360 ರೂಪಾಯಿ. ತುಕ್ಕಿನ ಮಟ್ಟಿಗೆ ಟೈಟೇನಿಯಂ ಮಿಶ್ರಲೋಹ ಉಕ್ಕಿಗಿಂತ ಮೇಲು. ಆದರೆ ತೂಕ ಇಳಿದಷ್ಟೂ ಹಿಂದೊದೆತ ಕೈಗೆ ಹೆಚ್ಚು ತಿಳಿಯುತ್ತದೆ, ಮತ್ತು ಕುದುರೆಯ ಎಳೆತ ಆಯುಧದ ತೂಕಕ್ಕಿಂತ ಹೆಚ್ಚಿದ್ದಷ್ಟೂ ಹಗುರ ರಿವಾಲ್ವರನ್ನು ಅಲುಗದಂತೆ ಹಿಡಿಯುವುದು ಕಷ್ಟ. ಹೊಸದಾಗಿ ಕಲಿಯುವ ಹೆಣ್ಣುಮಕ್ಕಳಿಗೆ ನಾನು ಸೂಚಿಸುವುದು ಹಗುರವಾದದ್ದನ್ನಲ್ಲ, ಎಳೆತ ಸರಾಗವಾಗಿರುವುದನ್ನು.

ಇನ್ನು ಬೆಲೆ. ಆಮದಿನ ಕೈಬಂದೂಕು ನಮ್ಮಲ್ಲಿ ದುಬಾರಿಯಾದದ್ದು ಅದರ ಉಕ್ಕಿನಿಂದಲ್ಲ. 1980ರ ದಶಕದ ಮಧ್ಯದಲ್ಲಿ ನಾಗರಿಕರಿಗೆ ಬಂದೂಕುಗಳ ಆಮದು ಬಹುತೇಕ ನಿಂತುಹೋಯಿತು. ಮಾನ್ಯತೆ ಪಡೆದ ಗುರಿಗಾರರು, ವಿದೇಶದಲ್ಲಿದ್ದು ವಾಸ ಬದಲಿಸಿ ಬರುವವರು, ಇಂಥ ಕೆಲವರಿಗಷ್ಟೇ ದಾರಿ ಉಳಿಯಿತು. ಅಂದಿನಿಂದ ದೇಶದೊಳಗಿರುವ ಫಾರಿನ್ ರಿವಾಲ್ವರುಗಳ ಸಂಖ್ಯೆ ಹೆಚ್ಚುತ್ತಿಲ್ಲ, ಕೊಳ್ಳುವವರು ಮಾತ್ರ ಹೆಚ್ಚುತ್ತಿದ್ದಾರೆ. ಹೊರದೇಶಗಳಲ್ಲಿ ಹಳೆಯ ಸಾಮಾನಿನಂತೆ ಸಾಧಾರಣ ಬೆಲೆಗೆ ಮಾರಾಟವಾಗುವ ಇದೇ ಮಾರ್ಕ್ 4 ಇಲ್ಲಿ ಹಲವು ಲಕ್ಷಗಳಿಗೆ ಕೈ ಬದಲಾಗುವುದು ಇದರಿಂದಲೇ. ಸಂಡೀಲಾದ ವೆಬ್ಲಿಗೆ ಆರಂಭದಲ್ಲಿ ಪ್ರಕಟವಾದ ಬೆಲೆ ಸುಮಾರು 1.6 ಲಕ್ಷ ರೂಪಾಯಿ. ಕಾನ್ಪುರದ ಉಕ್ಕಿನ ರಿವಾಲ್ವರು ಅದಕ್ಕಿಂತ ಅಗ್ಗ. ಆದರೆ 2025ರ ಸೆಪ್ಟೆಂಬರಿನಲ್ಲಿ ರಿವಾಲ್ವರು ಮತ್ತು ಪಿಸ್ತೂಲುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 40ಕ್ಕೆ ಏರಿದೆ, ಅಂಗಡಿಯಿಂದ ಹೊಸದನ್ನು ಕೊಳ್ಳುವವರಿಗೆ ಈ ಹೊರೆ ಪೂರ್ತಿ ಬೀಳುತ್ತದೆ. ಅದನ್ನು ಸೇರಿಸಿದರೂ ಮೂರನೆಯವರ ಕೈ ದಾಟಿ ಬಂದ ಬರ್ಮಿಂಗ್‌ಹ್ಯಾಮಿನದರ ಬೆಲೆ ಹತ್ತಿರಕ್ಕೆ ಬರುವುದಿಲ್ಲ.

ಬಿಡಿಭಾಗಗಳ ವಿಷಯದಲ್ಲಿ ದೇಶೀಯ ತಯಾರಿಕೆಗೆ ಪೂರ್ತಿ ಅಂಕ. ವಿ ಸ್ಪ್ರಿಂಗು ಎಂದಾದರೊಂದು ದಿನ ಮುರಿಯುವ ವಸ್ತು. ಕಾನ್ಪುರ, ಸಂಡೀಲಾದವುಗಳಿಗೆ ತಯಾರಕರು ಇದ್ದಾರೆ, ಅಂಗಡಿಯ ಮೂಲಕ ಕೇಳಬಹುದು. ಬರ್ಮಿಂಗ್‌ಹ್ಯಾಮಿನದಕ್ಕೆ ಹಳೆಯ ಕಾಲದ ಒಬ್ಬ ನುರಿತ ಬಂದೂಕು ರಿಪೇರಿಯವರನ್ನು ಹುಡುಕಿ, ಹೊಸ ಸ್ಪ್ರಿಂಗು ಬಡಿಸಿ, ಹದ ಹಾಕಿಸಿ, ಅರ ಹಾಕಿ ಕೂರಿಸಬೇಕು. ಅಂಥವರು ಪರವಾನಗಿ ಪಡೆದವರಾಗಿರಬೇಕು, ಮತ್ತು ಅವರ ಸಂಖ್ಯೆ ಪ್ರತಿ ವರ್ಷ ಕಡಿಮೆಯಾಗುತ್ತಿದೆ. ವಿನ್ಯಾಸ ಒಂದೇ ಎಂದು ಕಾನ್ಪುರದ ಭಾಗವನ್ನು ಬರ್ಮಿಂಗ್‌ಹ್ಯಾಮಿನದರಲ್ಲಿ ಕೂರಿಸಲು ಹೋದರೆ ಅದು ಹಾಗೆಯೇ ಕೂರುತ್ತದೆ ಎಂದು ಎಣಿಸಬಾರದು.

ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡೇ ಬಂದೂಕು ಇರಬಹುದು. ನಮ್ಮ ಕಡೆಯ ತೋಟದವರಲ್ಲಿ ಹೆಚ್ಚಿನವರ ಬಳಿ ಬೆಳೆ ರಕ್ಷಣೆಗೆಂದು ಹನ್ನೆರಡು ಬೋರಿನ ಕೋವಿ ಈಗಾಗಲೇ ಇರುವುದರಿಂದ ರಿವಾಲ್ವರಿಗೆ ಉಳಿಯುವುದು ಒಂದೇ ಜಾಗ. ಆ ಒಂದು ಜಾಗಕ್ಕೆ, ಬಳಸಬೇಕೆಂಬ ಉದ್ದೇಶದಿಂದಲೇ ಕೊಳ್ಳುವವರಿಗೆ, ಕೈಗೆಟುಕುವಂತಿದ್ದರೆ ಸಂಡೀಲಾದ ವೆಬ್ಲಿಯನ್ನೂ, ಇಲ್ಲವಾದರೆ ನೋಡಿ ಆರಿಸಿದ ಕಾನ್ಪುರದ ರಿವಾಲ್ವರನ್ನೂ ನಾನು ಸೂಚಿಸುತ್ತೇನೆ. ಬರ್ಮಿಂಗ್‌ಹ್ಯಾಮಿನದನ್ನು ಹಲವು ಲಕ್ಷ ಕೊಟ್ಟು ಹೊಸದಾಗಿ ಕೊಳ್ಳಬೇಕಾದವರು ಡಬಲ್ ಆ್ಯಕ್ಷನ್‌ನಲ್ಲಿ ನಿಜವಾಗಿ ಅಭ್ಯಾಸ ಮಾಡುವವರು, ಅಥವಾ ಅದರ ಕೈಕೆಲಸವನ್ನು ಕೈಕೆಲಸವೆಂದೇ ಪ್ರೀತಿಸುವವರು. ಯಾವುದನ್ನು ಕೊಂಡರೂ ಖಾಲಿ ಇದೆಯೆಂದು ಎರಡು ಸಲ ಖಚಿತಪಡಿಸಿಕೊಂಡು ಅಂಗಡಿಯಲ್ಲೇ ನೋಡಬೇಕಾದದ್ದಿಷ್ಟು: ಕೊಂಡಿ ಮುಚ್ಚಿದ ಮೇಲೆ ನಳಿಕೆ ಅಲುಗಬಾರದು, ಕುದುರೆಯನ್ನು ಕೊನೆಯವರೆಗೆ ಎಳೆದು ಹಾಗೆಯೇ ಹಿಡಿದಿರುವಾಗ ಸಿಲಿಂಡರು ಪಕ್ಕಕ್ಕೆ ಆಡಬಾರದು, ಆರೂ ಕೋಣೆಗಳಲ್ಲಿ ಇದನ್ನು ಪ್ರತ್ಯೇಕವಾಗಿ ನೋಡಬೇಕು, ಏಕೆಂದರೆ ಐದು ಸರಿಯಿದ್ದು ಆರನೆಯದು ತಪ್ಪಿರುವುದುಂಟು. ನಳಿಕೆಯೊಳಗೆ ಬೆಳಕು ಬಿಟ್ಟು ನೋಡಿದಾಗ ಒಳಗಿನ ಸುರುಳಿ ಗೀರುಗಳ ಅಂಚು ಚೂಪಾಗಿರಬೇಕು, ಉಂಗುರದಂತೆ ಉಬ್ಬಿದ ಗುರುತು ಎಲ್ಲೂ ಇರಬಾರದು. ಆಯುಧದ ಮೇಲಿನ ಸಂಖ್ಯೆ ಮಾರುವವರ ಪರವಾನಗಿಯಲ್ಲಿರುವ ಸಂಖ್ಯೆಗೆ ಅಕ್ಷರಶಃ ಹೊಂದಬೇಕು.

ಕಾನ್ಪುರದಿಂದಲೇ 2023ರ ಆಗಸ್ಟಿನಲ್ಲಿ ಬಂದ ‘ಪ್ರಬಲ್’ ಈ ಹೋಲಿಕೆಯಲ್ಲಿ ಸೇರುವುದಿಲ್ಲ. ಅದರ ಸಿಲಿಂಡರು ಪಕ್ಕಕ್ಕೆ ಹೊರಳುತ್ತದೆ, ಚೌಕಟ್ಟಿನ ತತ್ತ್ವವೇ ಬೇರೆ. ಅದನ್ನು ಅದರದೇ ವರ್ಗದವುಗಳ ಜೊತೆ ನೋಡಬೇಕು.

ಕೊನೆಯದಾಗಿ, ಅಜ್ಜನ ಕಾಲದ ಬರ್ಮಿಂಗ್‌ಹ್ಯಾಮಿನ ವೆಬ್ಲಿ ಮನೆಯಲ್ಲೇ ಇರುವವರಿಗೆ ಒಂದು ಮಾತು. ಅದನ್ನು ಮಾರಿ ಹೊಸದನ್ನು ಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ. ಹಣ ಕೊಡದೆ ಬಂದ ರಿವಾಲ್ವರಿನ ಮುಂದೆ ಮೇಲಿನ ಬೆಲೆಯ ವಾದ ಯಾವುದೂ ನಿಲ್ಲುವುದಿಲ್ಲ, ಮತ್ತು ಸುಸ್ಥಿತಿಯಲ್ಲಿರುವ ಶಾಂತಿಕಾಲದ ಮಾರ್ಕ್ 4 ಮೂರರಲ್ಲಿ ಶ್ರೇಷ್ಠವೆಂಬುದರಲ್ಲಿ ನನಗೆ ಸಂದೇಹವಿಲ್ಲ. 2016ರ ಆಯುಧ ನಿಯಮಗಳ ಪ್ರಕಾರ, ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಅವರು ಆ ಆಯುಧವನ್ನು 25 ವರ್ಷ ಇಟ್ಟುಕೊಂಡಿದ್ದರೆ, ಅವರು ಬದುಕಿರುವಾಗಲೇ ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೋರಿ ಅರ್ಜಿ ಹಾಕಬಹುದು. ಹಿರಿಯರು ಸಹಿ ಹಾಕುವ ಸ್ಥಿತಿಯಲ್ಲಿರುವಾಗಲೇ ಆ ಅರ್ಜಿ ಸಲ್ಲಿಸಿ, ಪರವಾನಗಿಯಲ್ಲಿ ವಿಶಿಷ್ಟ ಗುರುತಿನ ಸಂಖ್ಯೆ (ಯುಐಎನ್) ದಾಖಲಾಗಿದೆಯೇ ನೋಡಿಕೊಂಡು, ಮಳೆಗಾಲಕ್ಕೆ ಮುಂಚೆ ಹಿಡಿಯ ಪಟ್ಟಿಗಳನ್ನು ಬಿಚ್ಚಿಸಿ ಒಳಗಿನ ಸ್ಪ್ರಿಂಗಿಗೆ ಎಣ್ಣೆ ಹಾಕಿಸಿ.